ಕುಲಕರ್ಣಿ, ನಾಲ್ಕು ಜನ

ಭಾನುವಾರ ಬೆಳಿಗ್ಗೆ ಮುಂಬೈಯ ಮಾಟುಂಗಾದಲ್ಲಿ ಇಡ್ಲಿ ತಿನ್ನಬೇಕಾದರೆ ಮೊದಲು ಹೆಸರು ಬರೆಸಬೇಕು. ಕಿಂಗ್ಸ್ ಸರ್ಕಲ್ ಹತ್ತಿರದ ನಮ್ಮ ಮಾಮೂಲಿ ಹೋಟೆಲಿನ ಬಾಗಿಲಲ್ಲಿ ಒಬ್ಬ ಹುಡುಗ ರಟ್ಟಿನ ಪ್ಯಾಡ್ ಹಿಡಿದು ನಿಂತಿರುತ್ತಾನೆ. ಅವನಿಗೆ ಹೆಸರು ಹೇಳಿ, ಎಷ್ಟು ಜನ ಅಂತ ಹೇಳಿ, ಫುಟ್‌ಪಾತಿನ ಮೇಲೆ ಕಾಯಬೇಕು. ಹೋದ ವಾರ ನಾವು "ಕುಲಕರ್ಣಿ, ನಾಲ್ಕು" ಅಂತ ಬರೆಸಿದೆವು. ಭಟ್ಟರು, ಶೆಟ್ಟರು, ಕುಲಕರ್ಣಿ ಮತ್ತು ನಾನು. ನಮ್ಮ ಮುಂದೆ ಹನ್ನೊಂದು ಹೆಸರು ಇದ್ದವು. ಅಂದರೆ ಮುಕ್ಕಾಲು ಗಂಟೆ ಹರಟೆಗೆ ಪರವಾನಗಿ ಸಿಕ್ಕಿದ ಹಾಗೆ.

ಕುಲಕರ್ಣಿ ಬ್ಯಾಂಕಿನವರು, ಡೊಂಬಿವಲಿಯಿಂದ ಬರುತ್ತಾರೆ. ಆವತ್ತು ಅಂಗಿ ಜೇಬಿಗೆ ಕೈ ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದರು. ಕೇಳಿದೆವು. ಹೊರಗೆ ಬಂದದ್ದು ಒಂದು ಬ್ಯಾಡ್ಜು. ಮೇಲೆ "ಲೀಡರ್ ಆಫ್ ದ ಡೇ" ಅಂತ ಬರೆದಿತ್ತು.

"ಇದನ್ನ ನಿಮಗ್ಯಾರು ಕೊಟ್ಟರು? ನಿಮ್ಮ ಮನೆಯಲ್ಲಿ ಆ ಪದವಿ ಅತ್ತಿಗೆಯವರದ್ದಲ್ವಾ?" ಅಂದರು ಭಟ್ಟರು.

"ನನ್ನ ಮಗಳದ್ದು ರೀ. ಶಾಲೆಯಿಂದ ಸಿಂಗಾಪುರಕ್ಕೆ ಹೋಗಿದ್ದಳಲ್ಲ. ಒಂದು ದಿನ ಇಡೀ ಗುಂಪಿಗೆ ಅವಳೇ ಲೀಡರ್."

ಐದು ದಿನದ ಶೈಕ್ಷಣಿಕ ಪ್ರವಾಸ, ದಿನಕ್ಕೊಬ್ಬ ಲೀಡರ್. ಬೆಳಿಗ್ಗೆ ಎಲ್ಲರನ್ನೂ ಎಬ್ಬಿಸುವುದು, ತಲೆ ಎಣಿಸುವುದು, ದಾರಿ ಹುಡುಕುವುದು, ಊಟಕ್ಕೆ ಜಾಗ ಹಿಡಿಯುವುದು, ಹೋದಲ್ಲೆಲ್ಲ ಥ್ಯಾಂಕ್ಸ್ ಹೇಳುವುದು, ರಾತ್ರಿ ವರದಿ ಬರೆಯುವುದು, ಎಲ್ಲ ಲೀಡರ್ ತಲೆಗೇ. ಇಬ್ಬರು ಟೀಚರ್ ಹಿಂದೆ ಬರುತ್ತಾರೆ. ಬಾಯಿ ಹಾಕುವುದಿಲ್ಲ.

"ಎಷ್ಟು ಕಟ್ಟಿದಿರಿ ಮಾರಾಯ್ರೆ ಇದಕ್ಕೆ?" ಅಂತ ಶೆಟ್ಟರು ಕೇಳಿದರು.

ಕುಲಕರ್ಣಿ ಹೇಳಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ಅಷ್ಟು ದುಡ್ಡು ಕಟ್ಟಿ, ಕೆಲಸವೂ ಮಕ್ಕಳೇ ಮಾಡುವುದಾ!" ಶೆಟ್ಟರಿಗೆ ನಿಜವಾಗಿ ಹೊಟ್ಟೆ ಉರಿಯಿತು. "ಈ ಐಡಿಯಾ ನನಗೆ ಹೊಳೆಯಲಿಲ್ಲ ನೋಡಿ. ಗಿರಾಕಿಗಳ ಹತ್ತಿರ ದುಡ್ಡು ತಗೊಂಡು, ಅವರ ಕೈಯಲ್ಲೇ ದೋಸೆ ಹುಯ್ಯಿಸಿ, ಬ್ಯಾಡ್ಜು ಕೊಟ್ಟು ಕಳಿಸಬಹುದಿತ್ತು."

ಶೆಟ್ಟರು ಹುಡುಗರಾಗಿದ್ದಾಗ ಉಡುಪಿ ಕಡೆಯಿಂದ ಬಂದವರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಕೂತು ಮೆಟ್ರಿಕ್ ಮುಗಿಸಿದವರು. "ನಮ್ಮ ಕ್ಲಾಸಿನಲ್ಲಿ ಲೀಡರಿಗೆ ಇದ್ದದ್ದು ಒಂದೇ ಕೆಲಸ. ನಿದ್ದೆ ಹೋದವರನ್ನು ಮೇಷ್ಟ್ರು ನೋಡುವ ಮೊದಲು ತಿವಿಯುವುದು. ಆದರೆ ಎಲ್ಲರಿಗಿಂತ ಮೊದಲು ಲೀಡರೇ ಮಲಗುತ್ತಿದ್ದ."

ಸರಿ, ಮಗಳ ದಿನ ಶುರುವಾಗಿದ್ದು ಬೆಳಿಗ್ಗೆ ಆರಕ್ಕೆ. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಂದರೆ ಡೊಂಬಿವಲಿಯ ದೇಹಕ್ಕೆ ಇನ್ನೂ ಮೂರೂವರೆ. ಕಣ್ಣು ಮುಚ್ಚಿಕೊಂಡೇ ಹೋಟೆಲಿನ ಬಾಗಿಲು ಬಡಿಯುತ್ತಾ ಹೋಗಿದ್ದಾಳೆ. ಒಂದು ರೂಮಿನಿಂದ ಬನಿಯನ್ನು ಹಾಕಿಕೊಂಡ ಚೀನೀ ಅಜ್ಜ ಹೊರಗೆ ಬಂದರು. ಗಾಬರಿಯಲ್ಲಿ ಇವಳು ಅವರಿಗೂ "ಏಳೂವರೆಗೆ ಲಾಬಿಗೆ ಬನ್ನಿ" ಅಂದುಬಿಟ್ಟಳು.

"ಆಮೇಲೆ?"

"ಏಳೂವರೆಗೆ ಸರಿಯಾಗಿ ಲಾಬಿಗೆ ಬಂದವರು ಅವರೊಬ್ಬರೇ ಅಂತ ರೀ."

ಮುಂದಿನದು ಮೆಟ್ರೋ. ಅಲ್ಲಿ ಅದಕ್ಕೆ ಎಂಆರ್‌ಟಿ ಅನ್ನುತ್ತಾರೆ. ಒಳಗೆ ತಿಂದರೆ, ಕುಡಿದರೆ 500 ಡಾಲರ್ ತನಕ ದಂಡ. ಡುರಿಯನ್ ಹಣ್ಣನ್ನಂತೂ, ವಾಸನೆಗೆ ಹೆದರಿ, ಒಳಗೆ ತರುವ ಹಾಗೇ ಇಲ್ಲ. ಪ್ಲಾಟ್‌ಫಾರ್ಮಿನ ನೆಲದ ಮೇಲೆ ಬಾಣದ ಗುರುತು. ಇಳಿಯುವವರು ಮಧ್ಯದಿಂದ, ಹತ್ತುವವರು ಅಕ್ಕಪಕ್ಕ. ಜನ ಹಾಗೇ ನಿಲ್ಲುತ್ತಾರೆ ಕೂಡ. ನಮ್ಮ ದಾದರ್ ಸ್ಟೇಷನ್ನಿನಲ್ಲಿ ಆ ಬಾಣ ಬರೆದರೆ ಬರೆದವನನ್ನೂ ಸೇರಿಸಿ ಒಳಗೆ ತಳ್ಳಿಕೊಂಡು ಹೋಗುತ್ತಾರೆ. ಲೀಡರ್ ಎಲ್ಲರನ್ನೂ ಶಿಸ್ತಾಗಿ ನಿಲ್ಲಿಸಿದಳು. ಶಿಸ್ತು ಜಾಸ್ತಿಯಾಯಿತು. ಇಪ್ಪತ್ತಾರರಲ್ಲಿ ಹದಿನಾಲ್ಕು ಮಕ್ಕಳು ಹತ್ತುವಷ್ಟರಲ್ಲಿ ಬಾಗಿಲು ಮುಚ್ಚಿತು. ಹನ್ನೆರಡು ಮಕ್ಕಳು ಗಾಜಿನ ಆಚೆ. ಟೀಚರಿಬ್ಬರೂ ಅವರ ಜೊತೆಗೇ.

"ನನ್ನ ಮಗಳು ಒಳಗಿಂದಲೇ ಒಂದು ಬೆರಳು ತೋರಿಸಿದಳು. ಮುಂದಿನ ಸ್ಟೇಷನ್. ಇಳಿದು ಇಂಡಿಕೇಟರ್ ಬೋರ್ಡಿನ ಕೆಳಗೆ ನಿಂತಳು. ಮುಂದಿನ ಟ್ರೇನಿಗೆ ಉಳಿದವರು ಬಂದರು."

ಇದು ಕುಲಕರ್ಣಿ ಮನೆಯ ಹಳೆಯ ಕಾಯಿದೆ. ಲೋಕಲ್ ಟ್ರೇನಿನಲ್ಲಿ ತಪ್ಪಿಸಿಕೊಂಡರೆ ಥಾಣೆ ಸ್ಟೇಷನ್ನಿನಲ್ಲಿ ಇಳಿ, ಇಂಡಿಕೇಟರ್ ಕೆಳಗೆ ನಿಲ್ಲು, ಅಲ್ಲಾಡಬೇಡ. ನಮ್ಮ ಮನೆಯಲ್ಲೂ ಇದೆ, ಸ್ಟೇಷನ್ ಮಾತ್ರ ಬೇರೆ. ಮುಂಬೈ ಮಕ್ಕಳಿಗೆ ಮಗ್ಗಿಗಿಂತ ಮೊದಲು ಇದನ್ನು ಕಲಿಸುತ್ತಾರೆ.

"ಹಾಗಾದರೆ ದುಡ್ಡು ಸೆಂಟ್ರಲ್ ರೈಲ್ವೆಗೆ ಕಟ್ಟಬೇಕಿತ್ತು," ಅಂದರು ಶೆಟ್ಟರು. "ಪಾಸಿನ ಖರ್ಚಿನಲ್ಲಿ ಮುಗಿಯುತ್ತಿತ್ತು."

ಮಧ್ಯಾಹ್ನದ ಊಟಕ್ಕೆ ಹಾಕರ್ ಸೆಂಟರ್. ಒಂದೇ ಸೂರಿನ ಕೆಳಗೆ ಸಾಲು ಸಾಲು ಅಂಗಡಿಗಳು, ನಡುವೆ ಎಲ್ಲರಿಗೂ ಸೇರಿದ ಟೇಬಲ್. ಸಿಂಗಾಪುರದ ಈ ಊಟದ ಸಂಸ್ಕೃತಿಯನ್ನು 2020ರಲ್ಲಿ ಯುನೆಸ್ಕೋ ತನ್ನ ಪರಂಪರೆ ಪಟ್ಟಿಗೆ ಸೇರಿಸಿತು. ಇವಳು ಜಾಗ ನೋಡುತ್ತಾ ಹೋದರೆ ಖಾಲಿ ಟೇಬಲ್‌ಗಳ ಮೇಲೆ ಒಂದೊಂದು ಟಿಶ್ಯೂ ಪೇಪರ್ ಪ್ಯಾಕೆಟ್. ಪಾಪ, ಎಷ್ಟು ಒಳ್ಳೆಯ ದೇಶ, ಕೈ ಒರೆಸಿಕೊಳ್ಳಲು ಪುಕ್ಕಟೆ ಕೊಟ್ಟಿದ್ದಾರೆ ಅಂದುಕೊಂಡು ಏಳು ಪ್ಯಾಕೆಟ್ ಒಟ್ಟು ಮಾಡಿ ಮಕ್ಕಳಿಗೆ ಹಂಚಿದಳು. ಆ ಟೇಬಲ್‌ಗಳಲ್ಲೇ ಕೂರಿಸಿದಳು ಕೂಡ.

ಐದು ನಿಮಿಷಕ್ಕೆ ಬಿಸಿ ನೂಡಲ್ಸ್ ಬಟ್ಟಲು ಹಿಡಿದ ಒಬ್ಬ ಆಂಟಿ ಬಂದು ಎದುರಿಗೆ ನಿಂತರು. ಆಮೇಲೆ ಇನ್ನೊಬ್ಬರು. ಆಮೇಲೆ ಟೈ ಕಟ್ಟಿದ ಮೂವರು. ಅಲ್ಲಿ ಟಿಶ್ಯೂ ಇಟ್ಟರೆ ಜಾಗ ಹಿಡಿದ ಹಾಗೆ. ಅದಕ್ಕೆ ಅವರು "ಚೋಪ್" ಅನ್ನುತ್ತಾರಂತೆ.

ಭಟ್ಟರಿಗೆ ಇದು ತುಂಬಾ ಹಿಡಿಸಿತು. "ನಮ್ಮ ಊರ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆಯುತ್ತಿದ್ದೆವಲ್ಲ, ಅದೇ! ಟವೆಲ್ ಬಿದ್ದ ಸೀಟಿನಲ್ಲಿ ಕೂರಲು ತಹಶೀಲ್ದಾರನೂ ಹೆದರುತ್ತಿದ್ದ. ಅವರದ್ದು ಶ್ರೀಮಂತ ದೇಶ, ಟಿಶ್ಯೂ ಸಾಕು."

ಲೀಡರ್ ಏಳೂ ಟೇಬಲ್‌ಗೆ ಹೋಗಿ ಸಾರಿ ಕೇಳಿದಳು. ಯಾವ ಪ್ಯಾಕೆಟ್ ಯಾವ ಟೇಬಲಿನದು ಅಂತ ಗೊತ್ತಾಗಲಿಲ್ಲ. ಅದರಲ್ಲಿ ಒಂದು ಅರ್ಧ ಖಾಲಿಯಾಗಿತ್ತು. ಅದನ್ನು ತಗೊಳ್ಳಲು ಯಾರೂ ಒಪ್ಪಲಿಲ್ಲ. ಇಷ್ಟೆಲ್ಲ ಮುಗಿಸಿ ಬರುವಾಗ ಅವಳ ಊಟ ತಣ್ಣಗಾಗಿತ್ತು. 2021ರಿಂದ ಅಲ್ಲಿ ತಿಂದ ತಟ್ಟೆಯನ್ನೂ ನಾವೇ ಎತ್ತಿಡಬೇಕು. ಮೊದಲ ಸಲ ಎಚ್ಚರಿಕೆ, ಆಮೇಲೆ ದಂಡ. ಶೆಟ್ಟರು ಇದನ್ನು ಮೂರು ಸಲ ಹೇಳಿಸಿಕೊಂಡು ಕೇಳಿದರು. ಒಳ್ಳೆಯ ಸಂಗೀತ ಕೇಳುವವರ ಮುಖ.

ಸಂಜೆ ಮರೀನಾ ಬ್ಯಾರೇಜ್. 2008ರಲ್ಲಿ ನದಿಯ ಬಾಯಿಗೆ ಕಟ್ಟಿದ ಒಡ್ಡು. ಒಳಗೆ ಸಿಹಿನೀರು, ಹೊರಗೆ ಸಮುದ್ರ. ಜೋರು ಮಳೆ ಬಂದಾಗ ಸಮುದ್ರದಲ್ಲಿ ಇಳಿತವಿದ್ದರೆ ಒಂಬತ್ತು ಗೇಟುಗಳನ್ನು ತಗ್ಗಿಸಿ ನೀರು ಬಿಡುತ್ತಾರೆ. ಭರತವಿದ್ದರೆ ಗೇಟು ಮುಚ್ಚಿಟ್ಟು ಏಳು ದೊಡ್ಡ ಪಂಪುಗಳಿಂದ ನೀರನ್ನು ಸಮುದ್ರಕ್ಕೆ ಎತ್ತಿ ಹಾಕುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಭಟ್ಟರು ಸೆಟೆದು ನಿಂತರು. ಅವರ ಮನೆ ಇಲ್ಲೇ ಗಾಂಧಿ ಮಾರ್ಕೆಟ್ ಹತ್ತಿರ. ಮಳೆಯೂ ಭರತವೂ ಒಟ್ಟಿಗೆ ಬಂದ ದಿನ ಮೊಣಕಾಲು ನೀರು.

"2005ರ ಜುಲೈ 26, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್! ಆವತ್ತು ನಾನು..."

ಮೂವರೂ ಒಟ್ಟಿಗೆ ಕೈ ಎತ್ತಿ ತಡೆದೆವು. ಆ ಕಥೆ ಶುರುವಾದರೆ ಭಟ್ಟರು ಅಂಧೇರಿಯಿಂದ ನಡೆದು ಮನೆ ಮುಟ್ಟುವ ತನಕ ನಮಗೂ ಬಿಡುಗಡೆಯಿಲ್ಲ.

ಬ್ಯಾರೇಜಿನ ಛಾವಣಿ ಪೂರ್ತಿ ಹುಲ್ಲುಹಾಸು. ಜನ ಅಲ್ಲಿ ಗಾಳಿಪಟ ಹಾರಿಸುತ್ತಾರೆ. ಮಕ್ಕಳು ಚೆಲ್ಲಾಪಿಲ್ಲಿಯಾದರು. ಹೊರಡುವ ಹೊತ್ತಿಗೆ ಲೀಡರ್ ತಲೆ ಎಣಿಸಿದಳು.

"ಒಂದು ಕಡಿಮೆ ಬಂತು, ಅಲ್ವಾ?" ಅಂದರು ಭಟ್ಟರು. "ತನ್ನನ್ನು ಎಣಿಸಲು ಮರೆತಿರುತ್ತಾಳೆ. ಹೊಳೆ ದಾಟಿದ ಹತ್ತು ಜನ ಪೆದ್ದರ ಹಾಗೆ."

"ಕಡಿಮೆ ಅಲ್ಲ ರೀ. ಜಾಸ್ತಿ. ಇಪ್ಪತ್ತೇಳು!"

ಮೂರು ಸಲ ಎಣಿಸಿದರೂ ಇಪ್ಪತ್ತೇಳು. ಎಲ್ಲರ ತಲೆಯ ಮೇಲೂ ಹಳದಿ ಟೋಪಿ. ಕೊನೆಗೆ ರೋಲ್ ನಂಬರ್ ಕೂಗಿಸಿದಳು. ಒಬ್ಬ ಹುಡುಗ ಸುಮ್ನೆ ನಿಂತಿದ್ದ, ಕೈಯಲ್ಲಿ ಅರ್ಧ ಚಕ್ಕುಲಿ. ಭಾರತದ್ದೇ ಬೇರೆ ಯಾವುದೋ ಶಾಲೆಯ ಗುಂಪಿನವನು. ಅವರದ್ದೂ ಹಳದಿ ಟೋಪಿ.

"ಇಲ್ಲಿಗೆ ಯಾಕೆ ಬಂದೆ ಅಂದರೆ, ನಮ್ಮ ಗುಂಪಿನಲ್ಲಿ ಚಕ್ಕುಲಿ ಇಲ್ಲ ಅಂದನಂತೆ."

ಕೆಳಗೆ ಆ ಶಾಲೆಯ ಟೀಚರ್ ಬೆವರು ಒರೆಸಿಕೊಳ್ಳುತ್ತಾ ಎಣಿಸುತ್ತಲೇ ಇದ್ದರು. ಇವಳು ಹುಡುಗನನ್ನು ಕೈಹಿಡಿದು ಕರೆದುಕೊಂಡು ಹೋದಳು. ಹಾಗೇ ಬಿಡಲಿಲ್ಲ. ವರದಿ ಪುಸ್ತಕ ತೆಗೆದು "ಹುಡುಗ ಒಂದು, ಸುಸ್ಥಿತಿಯಲ್ಲಿ ತಲುಪಿದೆ" ಅಂತ ಬರೆದು ಆ ಟೀಚರ್ ಸಹಿ ಹಾಕಿಸಿಕೊಂಡಳು.

"ಬ್ಯಾಂಕಿನವನ ಮಗಳು," ಅಂದರು ಕುಲಕರ್ಣಿ. ಕಣ್ಣಲ್ಲಿ ಸ್ವಲ್ಪ ನೀರಿತ್ತು, ನಗೆಯದ್ದೂ ಇರಬಹುದು.

ಆಗ ಶೆಟ್ಟರು ಮೂಗು ಅರಳಿಸಿದರು. "ಅಲ್ಲ, ಇಷ್ಟು ಹೊತ್ತಾದರೂ ನಮ್ಮ ಹೆಸರು ಕರೆಯಲಿಲ್ಲವಲ್ಲ?"

ನಾನು ಹೋಗಿ ಪ್ಯಾಡ್ ನೋಡಿದೆ. ಕುಲಕರ್ಣಿ, ನಾಲ್ಕು. ಅದರ ಮೇಲೆ ಉದ್ದಕ್ಕೆ ಒಂದು ಗೀಟು.

"ತೀನ್ ಬಾರ್ ಆವಾಜ್ ದಿಯಾ, ಅಂಕಲ್," ಅಂದ ಹುಡುಗ. ಮೂರು ಸಲ ಕರೆದಿದ್ದನಂತೆ.

ಒಳಗೆ ನಮ್ಮ ಟೇಬಲಿನಲ್ಲಿ ಬೇರೆ ನಾಲ್ಕು ಜನ ಸಾಂಬಾರಿಗೆ ವಡೆ ಅದ್ದುತ್ತಿದ್ದರು. ಪಟ್ಟಿಯ ಕೊನೆಯಲ್ಲಿ ಮತ್ತೆ ಹೆಸರು ಬರೆಸಿ ಬಂದೆ. ಈ ಸಲ ಮುಂದೆ ಹದಿನಾಲ್ಕು. ಭಟ್ಟರು ಗೋಡೆಗೆ ಒರಗಿ ಗಂಟಲು ಸರಿ ಮಾಡಿಕೊಂಡರು.

"ಆವತ್ತು ಬೆಳಿಗ್ಗೆ ನೋಡಿ, ನಾನು ಕೊಡೆ ಕೂಡ ತಗೊಂಡು ಹೋಗಿರಲಿಲ್ಲ..."