ಪಂಪ್ ಆಮೇಲೆ, ಮೊದಲು ಪೈಪ್ ನೋಡು

ಪುಟ್ಟೀ, ಬೆಳಿಗ್ಗೆ ಗ್ರೂಪಿಗೆ ಹಾಕಿದ ಫೋಟೋ ಈಗ ನೋಡಿದೆ. ಮಹಡಿ ಬಾತ್‌ರೂಮಿನ ಹಳೇ ಟೈಲ್ಸ್ ತೆಗೆಸಿದ್ದೀಯ. ಷವರ್‌ನಲ್ಲಿ ನೀರು ಸಣ್ಣಗೆ ಬರುತ್ತದೆ ಅಂತ ಪ್ಲಂಬರ್ ತಣ್ಣೀರಿನ ಲೈನಿಗೆ ಪ್ರೆಷರ್ ಪಂಪ್ ಹಾಕೋಣ ಅಂದಿದ್ದಾರೆ, ಅಲ್ವಾ? ಒಂದು ದಿನ ತಡೆಯಮ್ಮ. ಗೋಡೆ ಮುಚ್ಚುವ ಮೊದಲು ನನ್ನ ಮಾತು ಕೇಳು.

ನಿಮ್ಮ ಟ್ಯಾಂಕ್ ಆ ಬಾತ್‌ರೂಮಿನ ತಲೆ ಮೇಲೇ ಕೂತಿದೆ. ನೀರಿಗೆ ಪ್ರೆಷರ್ ಬರುವುದು ಎತ್ತರದಿಂದ. 10 ಮೀಟರ್ ಎತ್ತರವಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಪ್ರೆಷರ್. ನಿಮಗೆ ಟ್ಯಾಂಕಿನಿಂದ ಷವರ್‌ಗೆ 2 ಮೀಟರ್ ಸಿಕ್ಕರೆ ಹೆಚ್ಚು. ಇರುವುದೇ ಅಷ್ಟು. ಅದನ್ನು ದಾರಿಯಲ್ಲಿ ಕಳೆದುಕೊಳ್ಳಬಾರದು.

ಫೋಟೋದಲ್ಲಿ ಗೋಡೆಯೊಳಗೆ ಪೂರ್ತಿ ಅರ್ಧ ಇಂಚಿನ ಸಿಪಿವಿಸಿ, ಅಂದರೆ ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪ್, ಕಾಣುತ್ತಿದೆ. ಅದರ ಒಳಗಿನ ತೂತು ಸುಮಾರು 12 ಮಿಲಿಮೀಟರ್. ಮುಕ್ಕಾಲು ಇಂಚಿನದ್ದಾದರೆ 18. ನೀರು ಹರಿಯುವ ಜಾಗ ಎರಡು ಪಟ್ಟಿಗಿಂತ ಜಾಸ್ತಿ ಆಯಿತು! ಬಿಸಿನೀರು, ತಣ್ಣೀರು ಎರಡನ್ನೂ ತಾರಸಿಯಿಂದಲೇ ಮುಕ್ಕಾಲು ಇಂಚು ಎಳೆಸು. ಬಿಸಿನೀರು ತಣ್ಣೀರು ಬೆರೆಸಿ ಷವರ್‌ಗೋ ನಲ್ಲಿಗೋ ಕಳಿಸುವ ಮಿಕ್ಸರ್ ಇದೆಯಲ್ಲ, ಆ ಡೈವರ್ಟರ್ ಬಾಯಿಯಲ್ಲಿ ಮಾತ್ರ ಅರ್ಧ ಇಂಚಿಗೆ ಇಳಿಸಲಿ. ಪೈಪ್ ತಿರುಗಿಸುವ ಎಲ್ಬೋ ಕಡಿಮೆ ಹಾಕಲಿ. ತಾರಸಿ ಮೇಲಿನ ಗೇಟ್ ವಾಲ್ವ್ ಹಳೆಯದಾಗಿದ್ದರೆ ತೆಗೆಸಿ ಬಾಲ್ ವಾಲ್ವ್ ಹಾಕಿಸು. ಡೈವರ್ಟರ್ ಕೊಳ್ಳುವಾಗ ಹೈ ಫ್ಲೋ ಅಂತಲೇ ಕೇಳು. ಹಳೇ ಷವರ್ ಮಾತ್ರ ಮತ್ತೆ ಹಾಗೇ ಹಾಕಬೇಡ, ಬೋರ್ ನೀರಿನ ಉಪ್ಪು ಕಟ್ಟಿರುತ್ತದೆ. ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಸಿ ಉಜ್ಜು.

ಪಂಪ್ ವಿಷಯ ಯಾಕೆ ಇಷ್ಟು ಒತ್ತಿ ಹೇಳ್ತಿದ್ದೀನಿ ಅಂದರೆ, ನಮ್ಮ ಮನೆಯಲ್ಲಿ ಅದೇ ತಪ್ಪು ಆಯಿತು. ತಣ್ಣೀರಿಗೆ ಮಾತ್ರ ಪಂಪ್ ಹಾಕಿಸಿದೆವು. ಯಾರು ಸ್ನಾನಕ್ಕೆ ಹೋದರೂ ತಾರಸಿಯಲ್ಲಿ ಸೋಲಾರ್ ವಾಟರ್ ಹೀಟರ್‌ನ ಗಾಳಿ ಹೋಗುವ ಏರ್ ಪೈಪಿನಿಂದ ನೀರು ಸುರಿಯೋದು. ಜೋರಿನ ತಣ್ಣೀರು ಮಿಕ್ಸರ್ ಒಳಗಿಂದ ಬಿಸಿನೀರಿನ ಪೈಪಿಗೆ ನುಗ್ಗಿ ಹಿಂದಕ್ಕೆ ಹತ್ತುತ್ತಿತ್ತು. ಷವರ್‌ನಲ್ಲಿ ಬಿಸಿನೀರೇ ಇಲ್ಲ. ಅತ್ತೆಗೆ ಆ ಚಳಿಗಾಲ ಪೂರ್ತಿ ಬಕೆಟ್ ಸ್ನಾನ. ಪಂಪ್ ಬೇಕೇ ಬೇಕು ಅಂದರೆ ಎರಡೂ ಲೈನಿಗೆ ಸಮ ಪ್ರೆಷರ್ ಬರಬೇಕು. ನಿಮ್ಮ ಮನೆಯಲ್ಲಿರುವಂಥ ಮಾಮೂಲಿ ಸೋಲಾರ್ ಟ್ಯಾಂಕ್ ಆ ಪ್ರೆಷರ್ ತಡೆಯುವುದಿಲ್ಲ.

ಇನ್ನೊಂದು, ಗೋಡೆಯೊಳಗೆ ಕೂರಿಸುವ ಡೈವರ್ಟರ್ ಬಾಡಿಯ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಎಷ್ಟು ಆಳ ಅಂತ ಗುರುತು ಇರುತ್ತದೆ. ಟೈಲ್ಸ್‌ನ ಮುಖ ಆ ಗುರುತಿನೊಳಗೆ ಬರಬೇಕು. ಬಿಸಿನೀರು ಎಡಕ್ಕೆ, ತಣ್ಣೀರು ಬಲಕ್ಕೆ. ಪೈಪಿಗೆ ಪ್ರೆಷರ್ ಟೆಸ್ಟ್ ಮಾಡಿಸದೆ ಸಿಮೆಂಟ್ ಹಾಕಲು ಬಿಡಬೇಡ.

ನಾಳೆ ಪ್ಲಂಬರ್ ಬಂದಾಗ ನನಗೊಂದು ವಿಡಿಯೋ ಕಾಲ್ ಮಾಡು, ಅವರ ಹತ್ತಿರ ನಾನೇ ಮಾತಾಡುತ್ತೇನೆ.