ಸಹಾಯ ಬೇಕು: ಕಾಡಿನ ಕಾರ್ಡು ಆಟದಲ್ಲಿ ಸೊಪ್ಪಿನ ಬೆಟ್ಟಕ್ಕೆ ಯಾವ ನಿಯಮ?

ಶಿರಸಿ ಸಮೀಪದ ಶಾಲೆಯೊಂದರ ಆರನೆಯ ತರಗತಿಗಾಗಿ ನಮ್ಮ ಕಾಡನ್ನು ಪರಿಚಯಿಸುವ ಕಾರ್ಡಿನ ಆಟವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಕಾಡುಮರವಾದ ರಾಮಪತ್ರೆಯ ಕಾರ್ಡು ಇಳಿಸಿದವರು ಅದರ ಬೀಜವನ್ನು ದೂರ ಸಾಗಿಸಲು ಮಂಗಟ್ಟೆ ಹಕ್ಕಿಯ ಕಾರ್ಡನ್ನು ಹುಡುಕಬೇಕು. ಮಂಗಟ್ಟೆಯ ಗೂಡಿಗೆ ಪೊಟರೆಯಿರುವ ಹಳೆಯ ಮರ ಬೇಕು. ಆ ಮರಕ್ಕೆ ಕೊಡಲಿಯ ಕಾರ್ಡು ಬಿದ್ದರೆ ಸರಪಳಿಯೇ ಕಡಿದುಹೋಗುತ್ತದೆ. ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆಯಲು 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಆರಂಭವಾದ ಅಪ್ಪಿಕೋ ಚಳವಳಿಯ ಕಾರ್ಡು ಮಾತ್ರ ಕೊಡಲಿಯನ್ನು ತಡೆಯಬಲ್ಲದು (ಮಕ್ಕಳ ಕಿತ್ತಾಟವೆಲ್ಲ ಇದಕ್ಕೇ).

ತೊಡಕಿರುವುದು ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯಲು ಬಿಟ್ಟುಕೊಟ್ಟ ಕಾಡಿನಲ್ಲಿ. ಅಡಿಕೆ ತೋಟಕ್ಕಾಗಿ ಸೊಪ್ಪು ಕಡಿಯುವ ಮನೆಗಳ ಮಕ್ಕಳೇ ಹೆಚ್ಚಿರುವಾಗ ಅದನ್ನು ಕೊಡಲಿಯ ಸಾಲಿಗೆ ಸೇರಿಸುವುದು ನ್ಯಾಯವಲ್ಲ, ಲೆಕ್ಕಕ್ಕೇ ಹಿಡಿಯದಿರುವುದೂ ಸರಿಯಲ್ಲ. ಸೂಕ್ತ ನಿಯಮವನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ (ರಾಮಪತ್ರೆ ಜಾತಿಯ ಮರಗಳು ಬೆಳೆಯುವ ಜೌಗು ಕಾಡು) ಕೆಸರಿನಿಂದ ಮೊಣಕಾಲಿನಂತೆ ಮೇಲೆದ್ದ ಬೇರುಗಳ ಚಿತ್ರವಿದ್ದವರು, ಬಳಕೆಯ ಅನುಮತಿಯೊಡನೆ ಕಳುಹಿಸಿಕೊಟ್ಟರೆ ಉಪಕಾರವಾಗುತ್ತದೆ.