ವಿಷಯ ಚೆನ್ನಾಗಿದೆ, ಆದ್ರೆ ಕೇಳಕ್ಕಾಗಲ್ಲ ಅಂತಾರೆ, ಏನ್ ಮಾಡೋದು? (ಸೌಂಡ್ ಎಂಜಿನಿಯರ್ ಜೊತೆ ಪ್ರಶ್ನೋತ್ತರ)

ಪ್ರಶ್ನೆ (ತೀರ್ಥಹಳ್ಳಿ):
ನಮಸ್ತೆ ಸರ್, ಗ್ರೂಪ್‌ಗೆ ಹೊಸಬಳು ನಾನು. ನಾನೂ ನನ್ನ ಚಿಕ್ಕಪ್ಪನ ಮಗನೂ ಸೇರ್ಕೊಂಡು ಒಂದು ಪಾಡ್‌ಕಾಸ್ಟ್ ಮಾಡ್ತಿದೀವಿ, ನಮ್ಮ ಕಡೆ ಹಳೇ ಮನೆಗಳು, ಅಡಿಕೆ ಕೊಯ್ಲು, ಮೇಳ ತಿರುಗಿದ ಯಕ್ಷಗಾನದೋರ ಕತೆ, ಇದನ್ನೆಲ್ಲ ಹಿರಿಯರ ಬಾಯಲ್ಲೇ ಕೇಳಿ ರೆಕಾರ್ಡ್ ಮಾಡೋದು. ಕೇಳ್ದೋರೆಲ್ಲ ವಿಷಯ ಬೊಂಬಾಟ್ ಅಂತಾರೆ, ಆದ್ರೆ ಬಾವಿ ಒಳಗಿಂದ ಮಾತಾಡ್ದಂಗೆ ಇದೆ, ಹತ್ತು ನಿಮಿಷಕ್ಕಿಂತ ಜಾಸ್ತಿ ಕೇಳಕ್ಕಾಗಲ್ಲ ಅಂತಲೂ ಅಂತಾರೆ. ಇರೋದು ಒಂದು ಯುಎಸ್‌ಬಿ ಕಂಡೆನ್ಸರ್ ಮೈಕ್ (ನೇರ ಲ್ಯಾಪ್‌ಟಾಪಿಗೆ ಸಿಕ್ಕಿಸೋ, ಸಣ್ಣ ಸದ್ದನ್ನೂ ಹಿಡಿಯೋ ಥರದ್ದು), ಅದನ್ನ ಟೇಬಲ್ ಮಧ್ಯ ಇಟ್ಟು ಮೂರು ಜನ ಸುತ್ತ ಕೂತ್ಕೋತೀವಿ. ಮೂವತ್ತು ಸಾವಿರದ ಮೈಕ್ ತಗೊಂಡ್ರೆ ಸರಿಹೋಗತ್ತಾ? ತಮ್ಮ ಹೇಳ್ತಾನೆ, ಜನ ಬರೋದು ಕತೆ ಕೇಳಕ್ಕೆ, ಸೌಂಡ್ ಕೇಳಕ್ಕಲ್ಲ, ಸುಮ್ನೆ ದುಡ್ಡು ಹಾಕ್ಬೇಡ ಅಂತ.

ಉತ್ತರ:
ಮೇಡಂ, ದುಡ್ಡು ಹಾಕ್ಬೇಡಿ ಅನ್ನೋದ್ರಲ್ಲಿ ನಿಮ್ಮ ತಮ್ಮ ಹೇಳಿದ್ದು ಸರಿ, ಸೌಂಡ್ ಮುಖ್ಯ ಅಲ್ಲ ಅನ್ನೋದು ಮಾತ್ರ ತಪ್ಪು. 2018ರಲ್ಲಿ ಎರಿನ್ ನ್ಯೂಮನ್, ನಾರ್ಬರ್ಟ್ ಶ್ವಾರ್ಜ್ ಅಂತ ಇಬ್ಬರು ಸಂಶೋಧಕರು ಒಂದು ಪ್ರಯೋಗ ಮಾಡಿದ್ರು, ವಿಜ್ಞಾನಿಗಳ ಭಾಷಣ ಮತ್ತೆ ರೇಡಿಯೋ ಸಂದರ್ಶನ ತಗೊಂಡು ಅದೇ ಮಾತನ್ನ ಕೆಲವರಿಗೆ ಕ್ಲಿಯರ್ ಆಗಿ, ಕೆಲವರಿಗೆ ಕೆಟ್ಟ ಆಡಿಯೋದಲ್ಲಿ ಕೇಳಿಸಿದ್ರು. ಕೆಟ್ಟ ಆಡಿಯೋ ಕೇಳ್ದೋರು ಸೌಂಡ್ ಸರಿಯಿಲ್ಲ ಅಂದು ಬಿಡ್ಲಿಲ್ಲ, ಆ ವಿಜ್ಞಾನಿ ಅಷ್ಟೇನೂ ಬುದ್ಧಿವಂತ ಅಲ್ಲ, ಸಂಶೋಧನೇಲೂ ಅಂಥಾ ಹುರುಳಿಲ್ಲ ಅಂತ ಮಾರ್ಕ್ ಕೊಟ್ರು. ಮಾತು ಅದೇ, ಮನುಷ್ಯನೂ ಅವನೇ. ಅಂದ್ರೆ ಎಪ್ಪತ್ತು ವರ್ಷದ ಭಾಗವತರೊಬ್ಬರು ನಿಮ್ಮ ಮುಂದೆ ಕೂತು ಜೀವಮಾನದ ಅನುಭವ ಹೇಳ್ತಿರ್ತಾರೆ, ಸೌಂಡ್ ಹಾಳಾದ್ರೆ ಕೇಳುಗರ ಹತ್ರ ಬೆಲೆ ಕಮ್ಮಿ ಆಗೋದು ನಿಮ್ಮ ಮೈಕಿಗಲ್ಲ, ಅವರ ಮಾತಿಗೆ.

ಈಗ ನಿಮ್ಮ ಸಮಸ್ಯೆ. ಮೈಕ್ ಕೆಟ್ಟಿಲ್ಲ, ದೂರ ಇದೆ ಅಷ್ಟೇ. ಟೇಬಲ್ ಮಧ್ಯ ಇಟ್ರೆ ಒಬ್ಬೊಬ್ಬರ ಬಾಯಿಗೂ ಮೈಕಿಗೂ ಹತ್ರತ್ರ ಮೂರಡಿ ಆಗತ್ತೆ. ಬಾಯಿಂದ ನೇರ ಬರೋ ದನಿ ದೂರ ಡಬಲ್ ಆದಾಗೆಲ್ಲ 6 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಇಳಿಯತ್ತೆ, ಆದ್ರೆ ಗೋಡೆ ನೆಲಕ್ಕೆ ಹೊಡ್ದು ವಾಪಸ್ ಬರೋ ದನಿ ರೂಮ್ ತುಂಬ ಹೆಚ್ಚುಕಮ್ಮಿ ಒಂದೇ ಸಮ ಇರತ್ತೆ. ಮೈಕನ್ನ ಮೂರಡಿಯಿಂದ ಒಂದು ಗೇಣಿಗೆ ತಂದ್ರೆ ನೇರ ದನಿ 12 ಡಿಬಿ ಏರತ್ತೆ, ರೂಮಿನ ದನಿ ಇದ್ದಲ್ಲೇ ಇರತ್ತೆ, ಆ ವ್ಯತ್ಯಾಸ ಯಾವ ಮೂವತ್ತು ಸಾವಿರದ ಮೈಕೂ ಟೇಬಲ್ ಮಧ್ಯ ಕೂತು ಕೊಡಲ್ಲ. ಇನ್ನೂ ಹೇಳ್ಬೇಕಂದ್ರೆ ದುಬಾರಿ ಕಂಡೆನ್ಸರ್ ಇನ್ನೂ ಸೂಕ್ಷ್ಮ, ಹಿತ್ಲಲ್ಲಿ ಪಾತ್ರೆ ತೊಳೆಯೋದನ್ನೂ ಹಿಡಿಯತ್ತೆ.

ಎದುರು ಕೂತು ಕೇಳಿದ್ರೆ ಚೆನ್ನಾಗೇ ಇತ್ತಲ್ಲ ಅಂತ ನಿಮಗನ್ಸಬಹುದು. ಎದುರಿಗಿದ್ದಾಗ ಎರಡು ಕಿವಿ ಇರತ್ತೆ, ದನಿ ಎಲ್ಲಿಂದ ಬಂತು ಪ್ರತಿಧ್ವನಿ ಎಲ್ಲಿಂದ ಬಂತು ಅಂತ ಮೆದುಳು ಬೇರೆ ಮಾಡ್ಕೊಳತ್ತೆ. ಒಂದೇ ಮೈಕಲ್ಲಿ ಹಿಡಿದ ಮೇಲೆ ಎರಡೂ ಒಂದೇ ಗೆರೆ, ಬೇರೆ ಮಾಡಕ್ಕೆ ದಾರಿ ಇರಲ್ಲ. ಕೇಳುಗ ಸರ್ಕಾರಿ ಬಸ್ಸಲ್ಲಿ ಕಿಟಕಿ ಪಕ್ಕ ಕೂತಿರ್ತಾನೆ ಇಲ್ಲಾ ಅಡುಗೆ ಮನೇಲಿ ಫೋನ್ ಒರಗಿಸಿಟ್ಟು ಕೇಳ್ತಿರ್ತಾಳೆ, ಪ್ರತಿ ಪದಾನೂ ಊಹೆ ಮಾಡ್ತಾ ಹತ್ತು ನಿಮಿಷ ಕೇಳೋಷ್ಟರಲ್ಲಿ ತಲೆ ಸುಸ್ತಾಗಿ ಆಫ್ ಮಾಡ್ತಾರೆ, ಯಾಕೆ ಆಫ್ ಮಾಡಿದೆ ಅಂತ ಅವರಿಗೇ ಗೊತ್ತಿರಲ್ಲ.

ಸದ್ಯಕ್ಕೆ ಇಷ್ಟು ಮಾಡಿ, ಸಾವಿರ ರೂಪಾಯಿ ಆಸುಪಾಸಲ್ಲಿ ಸಿಗೋ ಕಾಲರ್ ಮೈಕ್, ಬೋಯಾ ಬಿವೈ-ಎಂ1 ಥರದ್ದು, ಒಬ್ಬೊಬ್ಬರಿಗೂ ಒಂದು, ಒಬ್ಬೊಬ್ಬರ ಮೈಕ್ ಅವರವರ ಫೋನಿಗೆ. ಫೋನ್ ಏರೋಪ್ಲೇನ್ ಮೋಡಲ್ಲಿಡಿ, ರೆಕಾರ್ಡಿಂಗ್ ಡಬ್ಲ್ಯೂಎವಿ ಫಾರ್ಮ್ಯಾಟಲ್ಲಿ, ಅದು ದನೀನ ಹಿಂಡಿ ಕುಗ್ಗಿಸಲ್ಲ. ಮೂರೂ ಶುರು ಮಾಡಿ ಒಂದ್ಸಲ ಜೋರಾಗಿ ಚಪ್ಪಾಳೆ ಹೊಡೀರಿ, ಆಮೇಲೆ ಆಡಾಸಿಟಿಲಿ ಚಪ್ಪಾಳೆ ಗುರುತು ನೋಡಿ ಮೂರು ಟ್ರ್ಯಾಕ್ ಹೊಂದಿಸ್ಕೊಳ್ಳಿ, ಅದು ಫ್ರೀ ಸಾಫ್ಟ್‌ವೇರ್.

ತೀರ್ಥಹಳ್ಳಿ:
ಥ್ಯಾಂಕ್ಸ್ ಸರ್. ರೂಮ್ ಬಗ್ಗೆ ಕೇಳ್ಬೇಕಿತ್ತು. ನಮ್ಮದು ಹಳೇ ಮನೆ, ರೆಡ್ ಆಕ್ಸೈಡ್ ನೆಲ, ಹೆಂಚಿನ ಮಾಡು, ಜಗಲಿ ಮೇಲೆ ಕೂತು ಮಾಡ್ತೀವಿ. ಮಳೆಗಾಲದಲ್ಲಂತೂ ಕೇಳೋದೇ ಬೇಡ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದ್ರೆ ಆಗತ್ತಾ?

ಉತ್ತರ:
ಮೊಟ್ಟೆ ಟ್ರೇ ಬೇಡ್ವೇ ಬೇಡ, ಅದು ದನಿ ಹೀರೋದು ಅಷ್ಟಕ್ಕಷ್ಟೆ, ಬೆಂಕಿ ಬೇರೆ ಬೇಗ ಹತ್ತತ್ತೆ. ತೆಳ್ಳನೆ ಕಪ್ಪು ಫೋಮ್ ಪೀಸ್ ಆನ್‌ಲೈನಲ್ಲಿ ಮಾರ್ತಾರಲ್ಲ, ಅದೂ ಬರೀ ಮೇಲಿನ ಫ್ರೀಕ್ವೆನ್ಸಿ, ಅಂದ್ರೆ ಕೀಚಲು ಭಾಗ, ಹೀರತ್ತೆ, ಗಂಡಸರ ದನಿಯ ಗುಂಯ್‌ಗುಡೋ ಭಾಗ ಹಾಗೇ ಉಳಿಯತ್ತೆ. ದಪ್ಪ, ಮೆತ್ತಗಿರೋ, ಗಾಳಿ ಆಡೋ ಸಾಮಾನು ಬೇಕು, ಅದು ನಿಮ್ಮನೇಲೇ ಇದೆ. ಉಣ್ಣೆ ಕಂಬಳಿ, ಜಮಖಾನ, ಹತ್ತಿ ಹಾಸಿಗೆ. ಕೂತೋರ ಬೆನ್ನ ಹಿಂದೆ ಹಾಸಿಗೆ ನಿಲ್ಲಿಸಿ, ಕೆಳಗೆ ಜಮಖಾನ ಹಾಸಿ, ಟೇಬಲ್ ಮೇಲೂ ಮಡಚಿದ ಕಂಬಳಿ ಹಾಕಿ. ಅಡಿಕೆ ಗೋಣಿಚೀಲ ಪೇರಿಸಿಟ್ಟಿರೋ ಉಗ್ರಾಣ ಇದ್ರೆ ಅಲ್ಲೊಂದು ಚಪ್ಪಾಳೆ ತಟ್ಟಿ ನೋಡಿ, ಆಮೇಲೆ ನೀವು ಕೂರೋ ಜಗಲೀಲಿ ತಟ್ಟಿ ನೋಡಿ. ಜಗಲೀಲಿ ಟಣ್ ಅಂತ ಬಾಲ ಉಳ್ಕೊಳತ್ತೆ, ಮೂಟೆಗಳ ನಡುವೆ ಅಲ್ಲಲ್ಲೇ ಸಾಯತ್ತೆ. ಬಾಡಿಗೆ ಸ್ಟುಡಿಯೋಗಿಂತ ಆ ಕೋಣೆ ವಾಸಿ ಅಂದ್ರೂ ತಪ್ಪಿಲ್ಲ.

ಮಳೆ ವಿಷಯ ಕಷ್ಟ. ಫ್ಯಾನ್ ಸದ್ದು ಒಂದೇ ಸಮ ಇರತ್ತೆ, ಸಾಫ್ಟ್‌ವೇರಿಗೆ ಅದರ ಸ್ಯಾಂಪಲ್ ಕೊಟ್ರೆ ಕಳೆದು ಕೊಡತ್ತೆ. ಮಳೆ ಏರತ್ತೆ ಇಳಿಯತ್ತೆ, ಮಾತಿನ ಫ್ರೀಕ್ವೆನ್ಸಿ ಪೂರ್ತಿ ಆವರಿಸಿರತ್ತೆ, ಅದನ್ನ ತೆಗಿಯಕ್ಕೆ ಹೋದ್ರೆ ಸ, ಶ, ಹ ಎಲ್ಲ ಅದರ ಜೊತೆ ಹೋಗತ್ತೆ. ಮಳೆ ಬಂದಾಗ ನಿಲ್ಸಿ ಕಾಫಿ ಕುಡೀರಿ, ಆದ್ರೆ ಮಳೆ ಸದ್ದನ್ನ ಬೇರೆಯಾಗಿ ಎರಡು ನಿಮಿಷ ರೆಕಾರ್ಡ್ ಮಾಡಿಟ್ಕೊಳ್ಳಿ, ಎಪಿಸೋಡ್ ಶುರುವಲ್ಲಿ ಸಣ್ಣಗೆ ಹಾಕಕ್ಕೆ ಬರತ್ತೆ. ಹಾಗೇ ಯಾರೂ ಮಾತಾಡದೆ ಅರ್ಧ ನಿಮಿಷ ಖಾಲಿ ರೂಮನ್ನೂ ರೆಕಾರ್ಡ್ ಮಾಡಿ, ಎಡಿಟಿಂಗಲ್ಲಿ ಮಾತು ಕತ್ತರಿಸಿದ ಕಡೆ ತುಂಬಕ್ಕೆ ಬೇಕಾಗತ್ತೆ, ಇಲ್ಲಾಂದ್ರೆ ಕಟ್ ಆಗಿದ್ದು ಕಿವಿಗೆ ಚುಚ್ಚತ್ತೆ.

ಅಂದಹಾಗೆ ಮನೇಲಿ ಕೂತು ಪ್ರಸಾರ ಮಾಡೋದು ನಮ್ಮ ರಾಜ್ಯಕ್ಕೇನೂ ಹೊಸದಲ್ಲ, 1935ರಲ್ಲಿ ಮೈಸೂರಲ್ಲಿ ಸೈಕಾಲಜಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಆಕಾಶವಾಣಿ ಅನ್ನೋ ಹೆಸರಲ್ಲಿ ಸ್ವಂತ ರೇಡಿಯೋ ಕೇಂದ್ರ ಶುರು ಮಾಡಿದ್ದು ಅವರ ಮನೇಲೇ.

ಪ್ರಶ್ನೆ (ಹುಬ್ಬಳ್ಳಿ):
ಸರ ನಂದೂ ಒಂದ್ ಪ್ರಶ್ನೆ ಐತ್ರಿ. ನಾವು ಇಬ್ರು ಗೆಳ್ಯಾರು ಕ್ರಿಕೆಟ್ ಬಗ್ಗೆ ಮಾಡ್ತೀವ್ರಿ, ಮೈಕ್ ಹತ್ರಾನ ಐತಿ, ರೂಮೂ ಸಣ್ಣದ, ಆದ್ರ ಹಿಂದ ಒಂದ ಸಮನ ಗುಂಯ್ ಅಂತ ಬರ್ತೈತ್ರಿ, ಫ್ಯಾನ್ ಬಂದ್ ಮಾಡಿದ್ರೂ ಹೋಗವಲ್ದು. ಅಂಗಡ್ಯಾವ ಮೈಕ ಡಿಫೆಕ್ಟ್ ಐತಿ, ಹೊಸಾದ್ ತಗೋ ಅಂತಾನ್ರಿ.

ಉತ್ತರ:
ತಗೋಬೇಡ್ರಿ ಅಣ್ಣಾವ್ರ. ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ ನೋಡಿ. ಗುಂಯ್ ನಿಂತ್ರೆ ಅದು ಕರೆಂಟಿನದು. ನಮ್ಮ ದೇಶದ ಕರೆಂಟ್ 50 ಹರ್ಟ್ಜ್, ಅಂದ್ರೆ ಸೆಕೆಂಡಿಗೆ 50 ಸಲ ಅದುರತ್ತೆ, ಅರ್ಥಿಂಗ್ ಸರಿ ಇಲ್ಲದಿದ್ರೆ ಇಲ್ಲಾ ಎರಡು ಬೇರೆ ಬೇರೆ ಪ್ಲಗ್ಗಿಂದ ಆಡಿಯೋ ಮಿಕ್ಸರ್ರು ಲ್ಯಾಪ್‌ಟಾಪು ಓಡ್ತಿದ್ರೆ ಅದು ಆಡಿಯೋ ಲೈನಿಗೆ ನುಗ್ಗತ್ತೆ. 50ರಲ್ಲಿ ಮಾತ್ರ ಇದ್ರೆ 80 ಹರ್ಟ್ಜ್ ಹೈಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ದನಿ ಕತ್ತರಿಸೋದು) ಹಾಕಿ ಬಹುಪಾಲು ತಗ್ಗಿಸಬಹುದಿತ್ತು, ಆದ್ರೆ ಅದರ ಮರಿಗಳು, ಅಂದ್ರೆ ಎರಡರಷ್ಟು ಮೂರರಷ್ಟು ಫ್ರೀಕ್ವೆನ್ಸಿ, 100, 150ರಲ್ಲೂ ಕೂತಿರ್ತಾವೆ, ಗಂಡಸರ ದನಿ ಇರೋದೂ ಅದೇ ಜಾಗದಲ್ಲಿ, ಅಲ್ಲಿ ಕತ್ತರಿಸಿದ್ರೆ ನಿಮ್ಮ ದನಿ ತೆಳ್ಳಗಾಗತ್ತೆ. ಎಲ್ಲ ಸಾಮಾನೂ ಒಂದೇ ಸ್ಪೈಕ್ ಬಾಕ್ಸಿಗೆ ಹಾಕಿ, ಮೂರನೇ ಪಿನ್ನಿಗೆ ನಿಜವಾಗ್ಲೂ ಅರ್ಥ್ ಬರ್ತಿದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡ್ಸಿ. ಎರಡು ಪಿನ್ ಚಾರ್ಜರ್ ಹಾಕಿದ ಲ್ಯಾಪ್‌ಟಾಪ್ ಮುಟ್ಟಿದಾಗ ಬೆರಳಿಗೆ ಜುಮ್ ಅನ್ನತ್ತೆ ನೋಡಿ, ಅದೇ ಕಳ್ಳ.

ಹುಬ್ಬಳ್ಳಿ:
ಚಾರ್ಜರ್ ತಗದ ಕೂಡ್ಲೇ ಬಂದ್ ಆತ್ರಿ ಸರ!! ಅಂಗಡಿಯವ್ಗ ಹೇಳ್ತೀನಿ ತಡೀರಿ.

ಪ್ರಶ್ನೆ (ನ್ಯೂಜೆರ್ಸಿ):
ನಮಸ್ಕಾರ, ಇಲ್ಲಿ ಕನ್ನಡ ಕಲಿಯೋ ಮಕ್ಕಳಿಗೋಸ್ಕರ ಪಾಡ್‌ಕಾಸ್ಟ್ ಮಾಡ್ತಿದೀವಿ, ಅತಿಥಿಗಳು ಮೈಸೂರು, ಧಾರವಾಡದಿಂದ ವಿಡಿಯೋ ಕಾಲಲ್ಲಿ ಬರ್ತಾರೆ. ನನ್ನ ದನಿ ಚೆನ್ನಾಗಿರತ್ತೆ, ಅವರದ್ದು ಹಳೇ ಟ್ರಂಕ್ ಕಾಲ್ ಥರ. ಒಳ್ಳೇ ವೈರ್‌ಲೆಸ್ ಇಯರ್‌ಬಡ್ಸ್ ಹಾಕ್ಕೊಂಡೇ ಮಾತಾಡ್ತಾರೆ ಸರ್, ಆದ್ರೂ.

ಉತ್ತರ:
ಆ ಇಯರ್‌ಬಡ್ಸೇ ಸಮಸ್ಯೆ. ಹಾಡು ಕೇಳುವಾಗ ಬ್ಲೂಟೂತ್ ಚೆನ್ನಾಗೇ ಇರತ್ತೆ, ಆದ್ರೆ ಅದರ ಮೈಕ್ ಆನ್ ಆದ ತಕ್ಷಣ ಸಾಮಾನ್ಯವಾಗಿ ಫೋನ್ ಕಾಲ್ ಮೋಡಿಗೆ ಇಳಿಯತ್ತೆ, ಸ್ಯಾಂಪಲಿಂಗ್ (ಸೆಕೆಂಡಿಗೆ ಎಷ್ಟು ಸಲ ದನಿ ಅಳೆಯತ್ತೆ ಅನ್ನೋದು) 8 ಇಲ್ಲಾ 16 ಕಿಲೋಹರ್ಟ್ಜಿಗೆ ಬಂದ್ಬಿಡತ್ತೆ. ನಿಮ್ಮ ಕಡೆ 44.1 ಇಲ್ಲಾ 48ರಲ್ಲಿ ರೆಕಾರ್ಡ್ ಆಗ್ತಿರತ್ತೆ, ಪಕ್ಕಪಕ್ಕ ಇಟ್ರೆ ಹಾಗೇ ಕೇಳ್ಸೋದು. ಅದರ ಮೇಲೆ ವಿಡಿಯೋ ಕಾಲು ನೆಟ್‌ವರ್ಕ್ ನೋಡ್ಕೊಂಡು ಇನ್ನಷ್ಟು ಹಿಂಡತ್ತೆ. ಕಾಲ್ ಇರೋದು ಮಾತಾಡಕ್ಕೆ, ರೆಕಾರ್ಡ್ ಮಾಡಕ್ಕಲ್ಲ ಅಂದ್ಕೊಳ್ಳಿ. ಅತಿಥಿ ಹತ್ರ ಎರಡು ಫೋನ್ ಇದ್ರೆ ಒಂದ್ರಲ್ಲಿ ಕಾಲು, ಸಾದಾ ವೈರ್ ಇಯರ್‌ಫೋನ್ ಹಾಕಿ. ಇನ್ನೊಂದನ್ನ ಬಾಯಿಂದ ಒಂದು ಗೇಣು ದೂರ ಪುಸ್ತಕದ ಮೇಲಿಟ್ಟು ರೆಕಾರ್ಡರ್ ಆನ್ ಮಾಡಕ್ಕೆ ಹೇಳಿ. ಮುಗಿದ ಮೇಲೆ ಆ ಫೈಲನ್ನ ಡ್ರೈವಲ್ಲಿ ಕಳಿಸ್ಲಿ, ವಾಟ್ಸಾಪಲ್ಲೇ ಕಳಿಸೋದಾದ್ರೆ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸ್ಲಿ, ವಾಯ್ಸ್ ನೋಟ್ ಬೇಡ್ವೇ ಬೇಡ. ಗಂಟೆಗಟ್ಟಲೆ ರೆಕಾರ್ಡ್ ಮಾಡಿದ್ರೆ ಎರಡು ಮಷೀನಿನ ಗಡಿಯಾರ ಸ್ವಲ್ಪ ಹಿಂದೆಮುಂದೆ ಓಡತ್ತೆ, ಶುರುವಲ್ಲಿ ಒಂದು ಕೊನೇಲಿ ಒಂದು ಚಪ್ಪಾಳೆ ಹೊಡೆದಿದ್ರೆ ಹೊಂದಿಸಬಹುದು. ಇದೇ ಕೆಲಸ ತಾನಾಗೇ ಮಾಡೋ ರಿವರ್‌ಸೈಡ್, ಜೆನ್‌ಕಾಸ್ಟರ್ ಅಂತ ಸೇವೆಗಳೂ ಇದಾವೆ, ಆದ್ರೆ ವಯಸ್ಸಾದೋರಿಗೆ ಬ್ರೌಸರ್ ಪರ್ಮಿಷನ್ ಎಲ್ಲ ಕೊಡಿ ಅನ್ನೋದಕ್ಕಿಂತ ಫೋನ್ ರೆಕಾರ್ಡರ್ ಸುಲಭ.

ಪ್ರಶ್ನೆ (ಬೆಂಗಳೂರು):
ಇಷ್ಟೆಲ್ಲ ಯಾಕೆ ಗುರು, ಈಗ ಎಐ ಟೂಲ್ ಇದೆ, ಹೆಂಗಾದ್ರೂ ರೆಕಾರ್ಡ್ ಮಾಡಿ ಎನ್‌ಹ್ಯಾನ್ಸ್ ಬಟನ್ ಒತ್ತಿದ್ರೆ ಸ್ಟುಡಿಯೋ ಸೌಂಡ್ ಬರತ್ತೆ. ನಾನು ಎಲ್ಲಾ ಎಪಿಸೋಡಿಗೂ ಅದನ್ನೇ ಮಾಡೋದು.

ಉತ್ತರ:
ಬರತ್ತೆ ಗುರು, ಇಲ್ಲ ಅನ್ನಲ್ಲ, ನಾನೂ ಬಳಸ್ತೀನಿ. ಆದ್ರೆ ಫುಲ್ ಹಾಕಿದಾಗ ಏನಾಗತ್ತೆ ಅಂತ ಹೆಡ್‌ಫೋನ್ ಹಾಕಿ ಕೇಳು. ತೀರಾ ಗಲೀಜಾದ ಆಡಿಯೋ ಕೊಟ್ರೆ ಅದು ಗಲಾಟೆ ಕಳೆಯೋದಷ್ಟೇ ಅಲ್ಲ, ಕೇಳಿಸದ ಕಡೆ ತಾನೇ ಊಹೆ ಮಾಡಿ ದನಿ ಕಟ್ಟತ್ತೆ. ನನ್ನ ಹತ್ರ ಬಂದ ಫೈಲುಗಳಲ್ಲಿ ಒಡೆಯೋದು ಹೆಚ್ಚಾಗಿ ವಾಕ್ಯದ ಕೊನೆ. ನಾವು ಕನ್ನಡದೋರು ಕ್ರಿಯಾಪದ ಕೊನೇಲಿಡ್ತೀವಿ, ದನಿ ಇಳಿಯೋದೂ ಅಲ್ಲೇ, "ಬಂದಿದ್ರು" ಅಂದಿದ್ದಾ "ಬಂದಿದ್ಳು" ಅಂದಿದ್ದಾ, "ಇತ್ತು" ಅಂದಿದ್ದಾ "ಇಲ್ಲ" ಅಂದಿದ್ದಾ ಅನ್ನೋದೇ ನುಂಗಿ ಹೋಗತ್ತೆ. ಕ್ರಿಕೆಟ್ ಹರಟೇಲಿ ಪರವಾಗಿಲ್ಲ, ಹಿರಿಯರ ಬಾಯಿ ಚರಿತ್ರೇಲಿ ಅದು ಸುಳ್ಳು ದಾಖಲೆ. ಎಷ್ಟು ಬೇಕು ಅಂತ ಸ್ಲೈಡರ್ ಇರೋ ಟೂಲ್ ಆದ್ರೆ ಅರ್ಧಕ್ಕೋ ಅದಕ್ಕಿಂತ ಕಮ್ಮಿಗೋ ಇಡು, ಒರಿಜಿನಲ್ ಫೈಲ್ ಮಾತ್ರ ಡಿಲೀಟ್ ಮಾಡ್ಬೇಡ.

ಬೆಂಗಳೂರು:
ಓಕೆ ಒಪ್ಪಿದೆ. ವಾಲ್ಯೂಮ್ ಎಷ್ಟಿಡ್ಬೇಕು? ನಮ್ಮ ಎಪಿಸೋಡ್ ಆದ್ಮೇಲೆ ಬೇರೆಯವರದು ಬಂದ್ರೆ ಕಿವಿ ಹರಿಯತ್ತೆ.

ಉತ್ತರ:
ಆಪಲ್ ಪಾಡ್‌ಕಾಸ್ಟ್‌ನೋರು ಮೈನಸ್ 16 ಎಲ್‌ಯುಎಫ್‌ಎಸ್ (ಇಡೀ ಎಪಿಸೋಡಿನ ಸರಾಸರಿ ಜೋರಿನ ಅಳತೆ, ಸೊನ್ನೆಗೆ ಹತ್ರ ಬಂದಷ್ಟೂ ಜೋರು) ಆಸುಪಾಸು ಇಡಿ, ಪೀಕ್ (ಅತಿ ಜೋರಾದ ಕ್ಷಣ) ಮೈನಸ್ 1 ಡಿಬಿ ದಾಟ್ಬಾರ್ದು ಅಂತಾರೆ, ಸ್ಪಾಟಿಫೈ ಲೆಕ್ಕ ಮೈನಸ್ 14. ಮೈನಸ್ 16 ಇಟ್ರೆ ಎರಡು ಕಡೆಗೂ ನಡಿಯತ್ತೆ. ಆಡಾಸಿಟಿಲಿ ಲೌಡ್‌ನೆಸ್ ನಾರ್ಮಲೈಸೇಶನ್ ಅಂತಿದೆ, ನಂಬರ್ ಕೊಟ್ಟು ಒತ್ತೋದಷ್ಟೆ, ಆದ್ರೆ ಅದಕ್ಕೂ ಮುಂಚೆ ಸ್ವಲ್ಪ ಕಂಪ್ರೆಸರ್ (ಜೋರು ದನಿ ತಗ್ಗಿಸಿ ಸಮ ಮಾಡೋದು) ಹಾಕು, ಇಲ್ಲಾಂದ್ರೆ ನಗು ಬಂದ ಕಡೆ ಪೀಕ್ ಹೊಡಿಯತ್ತೆ.

ತೀರ್ಥಹಳ್ಳಿ:
ಸರ್ ಮತ್ತೆ ಬಂದೆ. ಉಗ್ರಾಣದಲ್ಲಿ ಕಾಲರ್ ಮೈಕ್ ಹಾಕಿ ಟ್ರೈ ಮಾಡಿದ್ವಿ, ತಮ್ಮನೇ ಕೇಳಿ ಬಾಯಿ ಮುಚ್ಕೊಂಡ. ಆದ್ರೆ ಹೊಸ ತಲೆನೋವು, ಅಜ್ಜ ಅಲ್ಲಿವರೆಗೂ ಚೆನ್ನಾಗಿ ಮಾತಾಡ್ತಿದ್ದೋರು ರೆಕಾರ್ಡ್ ಅಂದ ತಕ್ಷಣ ಗಂಟಲು ಸರಿಮಾಡ್ಕೊಂಡು ತಾಳಮದ್ದಳೆ ಅರ್ಥ ಹೇಳೋ ಥರ ಗಟ್ಟಿಯಾಗಿ ಶುರು ಮಾಡ್ತಾರೆ, ಅಲ್ಲಲ್ಲಿ ದನಿ ಒಡಿಯತ್ತೆ.

ಉತ್ತರ:
ಹಹ್ಹ, ಮೇಳದೋರಿಗೆ ಅದು ಹೋಗಲ್ಲ. ಒಡೆದ ದನಿ ರಿಪೇರಿ ಆಗಲ್ಲ ಮೇಡಂ, ಆಮೇಲೆ ಏರ್ಸೋದು ಸುಲಭ, ಅದಕ್ಕೇ ಲೆವೆಲ್ ಕಮ್ಮಿ ಇಟ್ಕೊಳ್ಳಿ, ಜೋರು ಮಾತಿಗೂ ಮೀಟರ್ ಮೈನಸ್ 12 ಡಿಬಿ ಆಸುಪಾಸಲ್ಲಿರ್ಲಿ, ಸೊನ್ನೆ ದಾಟಿದ್ರೆ ಒಡಿಯತ್ತೆ. ನಿಮ್ಮ ಆ್ಯಪಲ್ಲಿ ಲೆವೆಲ್ ಇಳಿಸೋ ಆಪ್ಷನ್ ಇಲ್ದಿದ್ರೆ ಇರೋ ಆ್ಯಪ್ ಹಾಕ್ಕೊಳ್ಳಿ. ಮೈಕ್ ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ಶಾಲು ಹೊದ್ದಿದ್ರೆ ಅದರ ಮೇಲೆ ಬರ್ಬೇಕು, ಒಳಗಿದ್ರೆ ಬರೀ ಸರಸರ. ಇನ್ನೊಂದು, ರೆಕಾರ್ಡ್ ಮಾಡೋದು ಅವರಿಗೆ ಗೊತ್ತಿರ್ಲಿ, ಒಪ್ಪಿಗೆ ತಗೊಂಡೇ ಮಾಡಿ, ಆದ್ರೆ "ಈಗ ಶುರು" ಅಂತ ಅನ್ನಕ್ಕೆ ಹೋಗ್ಬೇಡಿ. ಮೈಕ್ ಸಿಕ್ಕಿಸಿ ಆನ್ ಮಾಡಿಟ್ಟು ಈ ಸಲ ಕೊಳೆರೋಗ ಎಷ್ಟು ಬಂತು, ಅಡಿಕೆ ರೇಟ್ ಏನು ಅಂತ ಕೇಳಿ. ಹತ್ತು ನಿಮಿಷಕ್ಕೆ ಅಜ್ಜ ಮೈಕ್ ಮರೀತಾರೆ, ಮೊದಲ ಹತ್ತು ನಿಮಿಷ ಕತ್ತರಿಸಿ ಬಿಸಾಕಿ. ಎಲೆಅಡಿಕೆ ಹಾಕ್ಕೊಂಡಿದ್ರೆ ಮಾತ್ರ ಉಗಿದು ಬರೋವರೆಗೂ ಕಾಯ್ಲೇಬೇಕು, ಅದಕ್ಕೆ ನನ್ನ ಹತ್ರ ಯಾವ ಫಿಲ್ಟರೂ ಇಲ್ಲ.